ಕಂಬವಿದ್ದ ಜಾಗದ ಕಲೆ

ನಮ್ಮ ಮಹಡಿಯ ಅಕ್ಷತಾ ಮೊನ್ನೆ ನಾನು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಬಂದು, "ಆಂಟಿ, ನನಗೂ ಟೂರಿನ ಅಡಿಗೆ ಕೆಲಸ ಸಿಕ್ಕಿತು. ಎಂತೆಲ್ಲ ಕಟ್ಟಿಕೊಳ್ಬೇಕು, ಸ್ವಲ್ಪ ಹೇಳಿ" ಎಂದಳು. ಮದುವೆಯಾಗಿ ಉಡುಪಿಯಿಂದ ದುಬೈಗೆ ಬಂದ ಹುಡುಗಿ, ಇನ್ನೂ ಎಸಿಯ ಸದ್ದಿಗೆ ಅವಳ ನಿದ್ದೆ ಒಗ್ಗಿಲ್ಲ. ಕಟ್ಟಿಕೊಳ್ಳುವ ಸಾಮಾನಿನ ವಿಷಯ ಬೇಗ ಮುಗಿಯಿತು. ಹೊರಡುವಾಗ ಅವಳು, "ಒಳ್ಳೆ ಕೆಲಸ ಅಲ್ವಾ ಆಂಟಿ, ದೇಶ ನೋಡ್ಲಿಕ್ಕೆ ಸಿಗ್ತದೆ" ಎಂದಳು. ನಾನು ಆರತಿ ತಟ್ಟೆ ಒರೆಸತೊಡಗಿದೆ. ಆಗ ಬಾಯಿಗೆ ಬಾರದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ಕೆಲಸ ಏನೆಂದು ಗೊತ್ತಿಲ್ಲದವರಿಗೆ ಮೊದಲು ಹೇಳಬೇಕು. ಇಲ್ಲಿಯ ಸಸ್ಯಾಹಾರಿ ಕುಟುಂಬಗಳು ರಜೆಯಲ್ಲಿ ಗುಂಪು ಕಟ್ಟಿಕೊಂಡು ಪರದೇಶ ಸುತ್ತಲು ಹೋಗುತ್ತವೆ. ಅಲ್ಲಿಯ ಊಟ ಅವರಿಗೆ ಆಗುವುದಿಲ್ಲ. ಅದಕ್ಕಾಗಿ ಟೂರಿನವರು ಅಡಿಗೆಯವರನ್ನು ಜೊತೆಗೆ ಕಳುಹಿಸುತ್ತಾರೆ. ಹೋಟೆಲಿನವರು ಕೊಟ್ಟ ಮೂಲೆಯಲ್ಲಿ, ಅವರ ಅಡಿಗೆ ಕೆಲಸ ಮುಗಿದ ಮೇಲೆ, ನಾವು ಅನ್ನ ಸಾರು ಮಾಡಿ ಡಬ್ಬಿಗೆ ತುಂಬಿ ಬಸ್ಸಿಗೆ ಏರಿಸಬೇಕು. ಅಡಿಗೆಯವಳು ದೇಶ ನೋಡುವುದಿಲ್ಲ. ಅವಳು ನೋಡುವುದು ಹೋಟೆಲಿನ ಹಿಂಬಾಗಿಲು, ಸಾಮಾನು ಸಾಗಿಸುವ ಲಿಫ್ಟು, ಪಾತ್ರೆ ತೊಳೆಯುವ ತೊಟ್ಟಿ. ಯುರೋಪಿನ ಒಂದು ದೊಡ್ಡ ಇಗರ್ಜಿಯನ್ನು, ಅಂದರೆ ಚರ್ಚನ್ನು, ನಾನು ನೋಡಿದ್ದು ಕಸದ ಡ್ರಮ್ಮಿನ ಪಕ್ಕದಿಂದ. ನೋಡಲು ಸಿಕ್ಕಿತಲ್ಲ ಎಂದು ಅಲ್ಲಿಂದಲೇ ಕೈಮುಗಿದೆ.

ನನ್ನನ್ನು ಈ ಕೆಲಸಕ್ಕೆ ಎಳೆದವರು ವಾಸಣ್ಣ. ದುಬೈಯ ಊದ್ ಮೇಥಾದಲ್ಲಿ ಅವರ ಟೂರಿನ ಆಫೀಸು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಯಾರದೋ ಅಂಗಡಿಯೊಳಗೆ ಒಂದು ಮೇಜು ಹಾಕಿಕೊಂಡು ಅದನ್ನೂ ಅವರು ಬ್ರಾಂಚ್ ಎನ್ನುತ್ತಿದ್ದರು. ನಮ್ಮ ಸಂಘದ ಕೃಷ್ಣಾಷ್ಟಮಿಗೆ ನಾನು ಮಾಡಿದ ಪುಳಿಯೋಗರೆ ತಿಂದು, "ಶಾರದಕ್ಕ, ಇದು ಹಾಳಾಗುದಿಲ್ಲ ಅಲ್ವಾ? ವಿಮಾನದಲ್ಲಿ ಹೋಗ್ತದಾ?" ಎಂದು ಕೇಳಿದರು. "ಹೋಗ್ತದೆ" ಎಂದೆ. "ಹಾಗಾದ್ರೆ ನೀವೂ ಹೋಗಿ" ಎಂದರು. ಅಷ್ಟೇ ಸಂದರ್ಶನ. ನಮ್ಮ ಯಜಮಾನರು ಅಕೌಂಟ್ಸ್ ಕೆಲಸದವರು, ಮಾತು ಕಡಿಮೆ. "ನಿನ್ನ ಗಂಟುನೋವಿಗೆ ಚಳಿ ಆಗುದಿಲ್ಲ, ಮತ್ತೆ ನಿನ್ನ ಇಷ್ಟ" ಎಂದರು. ಬೇಡ ಎನ್ನಲಿಲ್ಲವಲ್ಲ, ಅಷ್ಟು ದೇವರ ದಯೆ.

ಮೊದಲ ಟೂರಿನಲ್ಲೇ ಮರ್ಯಾದೆ ಹೋಯಿತು. ಹೋಟೆಲ್ ರೂಮಿನಲ್ಲಿ ಸಣ್ಣ ಕರೆಂಟ್ ಒಲೆ ಇಟ್ಟು ಸಾಸಿವೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯಿತು, ಒಣಮೆಣಸಿನ ಘಾಟು ಏರಿತು, ಚಾವಣಿಯಲ್ಲಿದ್ದ ಯಂತ್ರ ಬೊಬ್ಬೆ ಹೊಡೆಯಲು ಶುರು ಮಾಡಿತು. ಇಡೀ ಹೋಟೆಲಿನ ಜನ ನಿಲುವಂಗಿಯಲ್ಲೇ ಬೀದಿಗೆ ಇಳಿದರು. ಬೆಂಕಿಯವರ ಗಾಡಿ ಬಂತು. ದೊಡ್ಡ ಶಿರಸ್ತ್ರಾಣ ಹಾಕಿಕೊಂಡ ಒಬ್ಬ ಬಾಣಲೆಯನ್ನು ಮೂಸಿ ನೋಡಿ ಸೀನಿದ. ಆ ದಿನದಿಂದ ಒಗ್ಗರಣೆಯನ್ನು ದುಬೈಯ ಮನೆಯಲ್ಲೇ ಮಾಡಿ ಬಾಟಲಿಗೆ ತುಂಬಿ ಒಯ್ಯುವ ಕ್ರಮ ತಂದೆ. ಈಗ ಎಲ್ಲ ಪ್ಯಾಕೆಟ್ ಅಂತೆ, ಬಿಸಿನೀರು ಹೊಯ್ದರೆ ಉಪ್ಪಿಟ್ಟು. ಅಕ್ಷತಾಗೆ ಅಷ್ಟು ಸುಲಭ.

ಆ ದಿನ ಬೀದಿಯಲ್ಲಿ ನಾನು ತಲೆತಗ್ಗಿಸಿ ನಿಂತಿದ್ದಾಗ ಹೆಗಲ ಮೇಲೆ ಶಾಲು ಹೊದಿಸಿದವಳು ಲಿಲ್ಲಿ. ಕಲ್ಯಾಣಪುರದ ಕಡೆಯ ಕ್ರಿಶ್ಚಿಯನ್ ಹೆಂಗಸು, ಮನೆಮಾತು ಕೊಂಕಣಿ. ವಾಸಣ್ಣನ ಆಫೀಸಿನಿಂದ ಗುಂಪಿನ ಜೊತೆ ಹೋಗಿ ಬರುವ ಕೆಲಸ ಅವಳದ್ದು: ಪಾಸ್‌ಪೋರ್ಟ್ ಕಾಯುವುದು, ರೂಮು ಹಂಚುವುದು, ಬಸ್ಸಿನಲ್ಲಿ ತಲೆ ಎಣಿಸುವುದು. ಗಂಡ ಮದೀನತ್ ಜಾಯೆದ್ ಕಡೆಯ ಎಣ್ಣೆ ಕ್ಯಾಂಪಿನಲ್ಲಿದ್ದ. ಅಲ್ಲಿಯ ಮರಳು ದಾರಿಯಲ್ಲಿ ಅಪಘಾತದಲ್ಲಿ ತೀರಿಕೊಂಡ. ಮಗಳು ಶರಲ್ ಇಲ್ಲೇ ಹುಟ್ಟಿದವಳು. ಅಮ್ಮ ಮಗಳು ಒಂದು ಹಳೆಯ ವಿಲ್ಲಾದಲ್ಲಿ ಪ್ಲೈವುಡ್ ಅಡ್ಡಗೋಡೆ ಹಾಕಿ ಮಾಡಿದ ರೂಮಿನಲ್ಲಿದ್ದರು.

ಆಮೇಲಿನ ಟೂರುಗಳಲ್ಲೆಲ್ಲ ನಮಗಿಬ್ಬರಿಗೂ ಒಂದೇ ರೂಮು. ಬೆಳಿಗ್ಗೆ ನಾನು ಸ್ನಾನ ಮಾಡಿ ಪುಟ್ಟ ಕೃಷ್ಣನನ್ನು ಹೋಟೆಲಿನ ಟವೆಲ್ ಮೇಲೆ ಇಟ್ಟು, ಒಣತುಳಸಿ ಹಾಕಿ ನಮಸ್ಕಾರ ಮಾಡುತ್ತಿದ್ದರೆ ಲಿಲ್ಲಿ ಹಾಸಿಗೆಯಿಂದಲೇ, "ಅಕ್ಕ, ನಿಮ್ಮ ದೇವರಿಗೂ ವೀಸಾ ಮಾಡಿಸಿದ್ರಾ?" ಎನ್ನುತ್ತಿದ್ದಳು.

"ನಿನ್ನ ದೇವರಿಗೆ?"

"ನನ್ನ ದೇವಮಾತೆ ಪಾಸ್‌ಪೋರ್ಟ್ ಕವರಿನೊಳಗೇ ಇದ್ದಾಳೆ. ಸ್ಟಾಂಪ್ ಹೊಡೆಯುವವನು ಪ್ರತಿ ಸಲ ಅವಳ ಮುಖ ನೋಡಿಯೇ ಹೊಡಿಬೇಕು."

ನಗುತ್ತ ಹೇಳುತ್ತಿದ್ದಳು. ಆದರೆ ವೀಸಾ ಎಂಬ ಮಾತು ಅವಳಿಗೆ ತಮಾಷೆಯದಾಗಿರಲಿಲ್ಲ. ಇಲ್ಲಿ ವೀಸಾ ಹೊಸದು ಮಾಡುವಾಗಲೆಲ್ಲ ರಕ್ತ ಕೊಡಬೇಕು, ಎದೆಯ ಎಕ್ಸ್‌ರೇ ತೆಗೆಸಬೇಕು; ಅದಕ್ಕೆ ಮೆಡಿಕಲ್ ಎನ್ನುತ್ತಾರೆ. ಲಿಲ್ಲಿಗೆ ಹೈಸ್ಕೂಲಿನಲ್ಲಿದ್ದಾಗ ಕ್ಷಯ ಬಂದಿತ್ತು. ಔಷಧಿ ಮಾಡಿ ಗುಣವಾಗಿತ್ತು. ಆದರೆ ಶ್ವಾಸಕೋಶದ ಮೇಲ್ಗಡೆ ಒಂದು ಕಲೆ ಉಳಿದಿತ್ತು. ಆಗಿನ ನಿಯಮದಲ್ಲಿ ಆ ಕಲೆ ಸಿಕ್ಕಿದರೂ ಸಾಕು, ವೀಸಾ ರದ್ದು. ಹೋದವರು ಮತ್ತೆ ಈ ದೇಶಕ್ಕೆ ಕಾಲಿಡುವ ಹಾಗಿಲ್ಲ. ಹಿಂದೆಲ್ಲ ಫಿಲ್ಮಿನ ಎಕ್ಸ್‌ರೇ. ಮಸುಕಾಗಿ ಬರುತ್ತಿತ್ತು, ಲಿಲ್ಲಿ ಪಾಸಾಗುತ್ತಿದ್ದಳು. ನಾವು ಜಪಾನಿಗೆ ಹೋದ ವರ್ಷ ಎಲ್ಲ ಕಡೆ ಕಂಪ್ಯೂಟರಿನ ಎಕ್ಸ್‌ರೇ ಬಂದಿತ್ತು. ಅವಳ ವೀಸಾ ಮುಗಿಯುವುದು ಡಿಸೆಂಬರಿನಲ್ಲಿ. ಶರಲ್‌ಳ ಹನ್ನೆರಡನೆಯ ಕ್ಲಾಸಿನ ಪರೀಕ್ಷೆ ಮಾರ್ಚಿನಲ್ಲಿ. ಮಗಳ ವೀಸಾ ಅಮ್ಮನ ವೀಸಾಕ್ಕೆ ಕಟ್ಟಿದ್ದು.

"ಮಾರ್ಚ್ ಒಂದು ದಾಟ್ಲಿ ಅಕ್ಕ," ಎನ್ನುತ್ತಿದ್ದಳು. "ಮತ್ತೆ ಎಂತ ಬೇಕಾದ್ರೂ ಆಗ್ಲಿ."

ಜಪಾನಿಗೆ ನಾವು ಹೋದದ್ದು ಆ ಡಿಸೆಂಬರಿಗೆ ಮುಂಚಿನ ನವೆಂಬರಿನಲ್ಲಿ. ಹೊರಡುವ ದಿನ ಲಿಲ್ಲಿಯನ್ನು ಕರೆದುಕೊಳ್ಳಲು ವಿಲ್ಲಾದ ಗೇಟಿಗೆ ಹೋಗಿದ್ದೆ. ನಮ್ಮ ಕಡೆ ಹೊರಡುವಾಗ ಯಾರೂ ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತೇವೆ. ತುಳುವಿನಲ್ಲೂ ಹಾಗೆಯೇ, ಪೋದು ಬರ್ಪೆ. ಲಿಲ್ಲಿ ತನ್ನ ಕೊಂಕಣಿಯಲ್ಲಿ ಮಗಳಿಗೆ "ಯೆತಾಂ" ಎಂದಳು, ಬರುತ್ತೇನೆ ಎಂದು. ಶರಲ್ ಫೋನಿನಿಂದ ತಲೆ ಎತ್ತದೆ "ಬೈ ಮಮ್ಮಾ" ಎಂದಳು.

"ಎಂತ ಬೈ? 'ವಚೊನ್ ಯೇ' ಹೇಳ್ಲಿಕ್ಕೆ ಬಾಯಿಗೆ ಎಂತ ಆಗಿದೆ ನಿನಗೆ?" ಹೋಗಿ ಬಾ ಎಂದು ಹೇಳು ಅಂತ.

"ಸೇಮ್ ಥಿಂಗ್ ಮಮ್ಮಾ."

"ಸೇಮ್ ಅಂತೆ," ಎಂದು ಲಿಲ್ಲಿ ನನ್ನ ಕಡೆ ತಿರುಗಿದಳು. "ನೋಡಿ ಅಕ್ಕ, ಇಲ್ಲಿ ಹೆತ್ತದ್ದಕ್ಕೆ ಶಿಕ್ಷೆ."

ಜಪಾನಿನಲ್ಲಿ ಅಡಿಗೆಯವಳಿಗೆ ಕಷ್ಟ ಹೆಚ್ಚು. ನೀರಿನಷ್ಟು ತಿಳಿಯಾದ ಸಾರಿನಲ್ಲೂ ಒಣಮೀನಿನ ರಸ ಇರುತ್ತದೆ. ಒಂದು ಹೋಟೆಲಿನಲ್ಲಿ ನಮ್ಮ ಗುಂಪಿನ ಗುಜರಾತಿ ಅಜ್ಜಿ ಅಂಥ ಸಾರಿನ ಬಟ್ಟಲನ್ನು ಕೈಗೆತ್ತಿಕೊಂಡಿದ್ದರು. ಲಿಲ್ಲಿ ಮೀನು ತಿಂದು ಬೆಳೆದವಳಲ್ಲವೇ, ದೂರದಿಂದಲೇ ವಾಸನೆ ಹಿಡಿದಳು. ಓಡಿ ಬಂದು, "ಆರಿಹೋಗಿದೆ ಅಜ್ಜಿ, ಬಿಸಿ ತರ್ತೇನೆ" ಎಂದು ಹಿಂದಿಯಲ್ಲಿ ಹೇಳಿ ಬಟ್ಟಲನ್ನು ಕಸಿದುಕೊಂಡಳು. ಹಿಂದೆ ಬಂದ ನನಗೆ, "ನೋಡಿ, ನಿಮ್ಮವರ ಮಡಿ ಉಳಿಸ್ಲಿಕ್ಕೆ ನಮ್ಮ ಬಂಗುಡೆ ಮೂಗು ಬೇಕಾಯ್ತು" ಎಂದಳು.

ನಾರಾ ಎಂಬ ಊರಿಗೆ ಹೋದ ದಿನ ಮಧ್ಯಾಹ್ನಕ್ಕೆ ಪುಳಿಯೋಗರೆ ಮತ್ತು ಮೊಸರನ್ನ. ಎರಡೂ ಬೆಳಿಗ್ಗೆಯೇ ತಯಾರಾಗಿದ್ದವು. ಹಾಗಾಗಿ ನನಗೂ ಬಸ್ಸಿನಿಂದ ಇಳಿದು ನೋಡಲು ಸಿಕ್ಕಿತು. ಇಷ್ಟು ವರ್ಷದ ಕೆಲಸದಲ್ಲಿ ನಾನು ಎದುರಿನಿಂದ ಹೊಕ್ಕು ನೋಡಿದ ಜಾಗ ಅದೊಂದೇ. ಅಲ್ಲಿ ಸಾವಿರದ ಮುನ್ನೂರು ವರ್ಷಗಳ ಹಿಂದೆ ಅವರ ಚಕ್ರವರ್ತಿಯ ರಾಜಧಾನಿ ಇತ್ತಂತೆ. ಬಸ್ಸು ನಿಂತಾಗ ಗುಂಪಿನವರು, "ಎಲ್ಲಿ ಅರಮನೆ?" ಎಂದರು. ಕಣ್ಣು ಹಾಯುವಷ್ಟು ದೂರ ಒಣಹುಲ್ಲಿನ ಬಯಲು. ಈಚೆಗೆ ಕಟ್ಟಿದ ಕೆಂಪು ಕಂಬಗಳ ಒಂದು ಹೆಬ್ಬಾಗಿಲು ಈ ತುದಿಯಲ್ಲಿ, ಒಂದು ಸಭಾಮಂಟಪ ಆ ತುದಿಯಲ್ಲಿ. ನಡುವೆ ಏನೂ ಇಲ್ಲ. ಅಷ್ಟರಲ್ಲಿ ಆ ಬಯಲಿನ ಮಧ್ಯದಿಂದ ಒಂದು ರೈಲು ಹೋಯಿತು. ಅಜ್ಜಿ, "ಇದಕ್ಕೆ ಇಷ್ಟು ದೂರ ಬಂದೆವಾ?" ಎಂದು ಬಸ್ಸಿನಲ್ಲೇ ಕೂತರು.

ನಮಗೆ ತೋರಿಸಲು ಬಂದವರು ಒಬ್ಬ ವಯಸ್ಸಾದ ಜಪಾನಿ ಹೆಂಗಸು, ಬಟ್ಟೆಯ ಟೋಪಿ ಹಾಕಿದವರು. ಒಂದೊಂದೇ ಇಂಗ್ಲಿಷ್ ಶಬ್ದವನ್ನು ಅಕ್ಕಿ ಆರಿಸಿದ ಹಾಗೆ ಆರಿಸಿ ಮಾತಾಡುತ್ತಿದ್ದರು. ರಾಜಧಾನಿ ಇಲ್ಲಿ ಇದ್ದದ್ದು ಒಬ್ಬ ಮನುಷ್ಯನ ಆಯುಷ್ಯದಷ್ಟು ಕಾಲ ಮಾತ್ರ. ಆಮೇಲೆ ಚಕ್ರವರ್ತಿ ಬೇರೆ ಕಡೆ ಹೋದ. ಹೋಗುವಾಗ ಎಷ್ಟೋ ಕಟ್ಟಡಗಳ ಮರವನ್ನೇ ಬಿಚ್ಚಿ ಹೊಸ ಊರಿಗೆ ಸಾಗಿಸಿದರು. ಉಳಿದದ್ದು ಕೊಳೆಯಿತು. ಜಾಗ ಗದ್ದೆಯಾಯಿತು. ಅರಮನೆ ಎಲ್ಲಿತ್ತೆಂಬುದೇ ಜನಕ್ಕೆ ಮರೆತುಹೋಯಿತು.

ಬಯಲಿನಲ್ಲಿ ಒಂದು ಕಡೆ ಪೊದೆಗಳನ್ನು ದುಂಡಗೆ ಕತ್ತರಿಸಿ ಸಾಲಾಗಿ ಬೆಳೆಸಿದ್ದರು. ಒಂದೊಂದು ಪೊದೆ ಇದ್ದಲ್ಲಿ ಒಂದೊಂದು ಕಂಬ ಇತ್ತಂತೆ. ನಮ್ಮವರು ಫೋಟೋ ತೆಗೆಯಲು ಪೊದೆಗಳ ನಡುವೆ ನುಗ್ಗಿದರು. ಆ ಹೆಂಗಸು ಮಾತ್ರ ಸುತ್ತಿ ಬಂದು, ಬಾಗಿಲಿದ್ದ ಜಾಗ ಎಂದು ಗುರುತು ಮಾಡಿದ ಸಂದಿಯಿಂದಲೇ ಒಳಗೆ ಬಂದರು. ಲಿಲ್ಲಿ ಅದನ್ನು ಗಮನಿಸಿ, ಗುಂಪಿನ ಒಬ್ಬರಿಗೆ, "ಶೆಟ್ರೇ, ಗೋಡೆ ಒಡೆದು ಬರ್ತೀರಾ? ಬಾಗಿಲು ಅಲ್ಲುಂಟಲ್ಲ" ಎಂದಳು. ಶೆಟ್ರು ನಕ್ಕು, ವಾಪಸು ಹೋಗಿ, ಇಲ್ಲದ ಬಾಗಿಲಿನಿಂದ ತಲೆ ಬಗ್ಗಿಸಿ ಬಂದರು. ಆ ಹೆಂಗಸಿಗೆ ತುಂಬ ಸಂತೋಷವಾಯಿತು.

ನಾನು ಕೇಳಿದೆ: ಕಂಬವೇ ಇಲ್ಲ, ಮರೆತೂ ಹೋಗಿತ್ತು, ಇಲ್ಲಿಯೇ ಇತ್ತೆಂದು ಹೇಗೆ ಗೊತ್ತಾಯಿತು? ಲಿಲ್ಲಿ ಇಂಗ್ಲಿಷಿಗೆ ಮಾಡಿ ಹೇಳಿದಳು. ಆ ಹೆಂಗಸು ಬಗ್ಗಿ ನೆಲ ತೋರಿಸಿದರು. ಮರ ಕೊಳೆತರೂ ಅದನ್ನು ನೆಟ್ಟ ಗುಂಡಿಯ ಮಣ್ಣಿನ ಬಣ್ಣ ಬೇರೆಯೇ ಉಳಿಯುತ್ತದೆ. ಮೇಲಿನ ಮಣ್ಣನ್ನು ತೆಳ್ಳಗೆ ಕೆರೆದು ತೆಗೆದರೆ ಆ ದುಂಡನೆಯ ಕಲೆ ಕಾಣುತ್ತದೆ. ನೋಡಲು ತಿಳಿದವರಿಗೆ ಅಷ್ಟು ಸಾಕು.

ಲಿಲ್ಲಿ ಅದನ್ನು ನನಗೆ ಕನ್ನಡದಲ್ಲಿ ಹೇಳುತ್ತ ಹೇಳುತ್ತ ಅರ್ಧದಲ್ಲಿ ನಿಂತಳು. ಅವಳ ಕೈ ತಾನಾಗಿ ಎದೆಯ ಬಲಗಡೆ ಹೋಗಿತ್ತು.

"ಸಾವಿರ ವರ್ಷದ ಕಲೆ ಸಿಕ್ತದಂತೆ ಅಕ್ಕ," ಎಂದಳು. "ನನ್ನದು ನಿನ್ನೆ ಮೊನ್ನೆಯದ್ದು."

"ಹಾಗೆಲ್ಲ ಹೇಳ್ಬೇಡ ಮಾರಾಯ್ತಿ. ಕೃಷ್ಣ ಇದ್ದಾನೆ."

"ಇರ್ಲಿ. ಅವನು ಮೆಡಿಕಲ್‌ನಲ್ಲಿ ಕೂತ್ಕೊಳ್ಳುದಿಲ್ಲ ಅಲ್ವಾ."

ಊಟದ ಡಬ್ಬಿಗಳನ್ನು ಅಲ್ಲೇ ಬಯಲಿನ ಅಂಚಿನಲ್ಲಿ ಬಿಚ್ಚಿದೆ. ಆ ಹೆಂಗಸಿಗೂ ಎಲೆತಟ್ಟೆಯಲ್ಲಿ ಪುಳಿಯೋಗರೆ ಕೊಟ್ಟೆ. ಖಾರಕ್ಕೆ ಕಣ್ಣೀರು ಒರೆಸುತ್ತಲೇ ತಿಂದು ಮುಗಿಸಿದರು. ಹೊರಡುವಾಗ ನಮ್ಮವರೆಲ್ಲ ತಮಗೆ ಗೊತ್ತಿದ್ದ ಒಂದೇ ಜಪಾನಿ ಮಾತನ್ನು ಹೇಳಿದರು, ಸಯೊನಾರಾ ಎಂದು. ಅವರು ತಲೆಯಾಡಿಸಿ, ಅದು ದೂರ ಆಗುವವರ ಮಾತು, ನಮ್ಮಲ್ಲಿ ಮನೆಯಿಂದ ಹೊರಡುವವರು 'ಹೋಗಿ ಬರುತ್ತೇನೆ' ಎನ್ನುತ್ತಾರೆ, ಮನೆಯಲ್ಲಿ ಉಳಿದವರು 'ಹೋಗಿ ಬಾ' ಎನ್ನುತ್ತಾರೆ ಎಂದು ವಿವರಿಸಿದರು. ಲಿಲ್ಲಿ ಕುಣಿದೇಬಿಟ್ಟಳು. "ಅಕ್ಕ, ನಮ್ಮದೇ ಮಾತು. ಶರಲ್‌ಗೆ ಹೇಳ್ಬೇಕು, ಜಪಾನಿನವರೂ ಬೈ ಹೇಳುದಿಲ್ಲ ಅಂತ." ಬಸ್ಸು ತಿರುಗುವವರೆಗೂ ಆ ಹೆಂಗಸು ಬಾಗಿಲಿದ್ದ ಜಾಗದಲ್ಲಿ ನಿಂತು ಕೈಬೀಸಿ, ಹೋಗಿ ಬನ್ನಿ ಎಂದು ಅವರ ಭಾಷೆಯಲ್ಲಿ ಹೇಳುತ್ತಿದ್ದರು.

ಡಿಸೆಂಬರಿನಲ್ಲಿ ಮೆಡಿಕಲ್ ಆಯಿತು. ಅವತ್ತು ನಾನು ಏಕಾದಶಿಯಲ್ಲದಿದ್ದರೂ ಉಪವಾಸ ಮಾಡಿದೆ. ಲಿಲ್ಲಿ ಊದ್ ಮೇಥಾದ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ಹೋದಳು. ಎಕ್ಸ್‌ರೇ ಇನ್ನೊಮ್ಮೆ ತೆಗೆಯಬೇಕು ಎಂದರು. ಆಮೇಲೆ ಕಫ ಪರೀಕ್ಷೆ. ಆಮೇಲೆ ಫೋನು ಬಂತು. ಅವಳು ನಮ್ಮ ಮನೆಗೆ ಬಂದು ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತಳು.

"ಕಫದಲ್ಲಿ ಎಂತ ಇಲ್ಲ ಅಂತೆ. ಕ್ರಿಮಿ ಇಲ್ಲ. ನಾನು ಆರೋಗ್ಯವಾಗಿದ್ದೇನೆ ಅಂತೆ," ಎಂದಳು. "ಆದ್ರೆ ಕಲೆ ಉಂಟು."

ವಾಸಣ್ಣನನ್ನು ನಾನು ಬೈದುಕೊಂಡ ದಿನಗಳು ಇದ್ದವು. ಅಕ್ಕಿ ಕಡಿಮೆ ಕಟ್ಟಿ ಎನ್ನುವವರು, ಒಂದೇ ರೂಮಿನಲ್ಲಿ ಮೂವರನ್ನು ತುಂಬುವವರು. ಆದರೆ ಆ ವಾರ ಅವರು ಲಿಲ್ಲಿಗಾಗಿ ಸುತ್ತಿದ್ದನ್ನು ನಾನು ಕಂಡಿದ್ದೇನೆ. ಇಲ್ಲಿ ದೊಡ್ಡವರ ಪರಿಚಯದಿಂದ ಆಗುವ ಕೆಲಸಕ್ಕೆ ವಾಸ್ತಾ ಎನ್ನುತ್ತಾರೆ. ತಮಗೆ ಗೊತ್ತಿದ್ದ ವಾಸ್ತಾಗಳನ್ನೆಲ್ಲ ಹಿಡಿದು, ಅಬುಧಾಬಿಗೂ ಹೋಗಿ ಕಾದು ಕೂತು ಬಂದರು. ಕೊನೆಗೆ ಆಫೀಸಿನ ಕುರ್ಚಿಯಲ್ಲಿ ಕುಸಿದು, "ಖಲಾಸ್ ಶಾರದಕ್ಕ. ಆಫೀಸಿನವರು ಪಾಪದವರು, ಬೇಜಾರಿನಲ್ಲೇ 'ಆಗುದಿಲ್ಲ' ಅಂತಾರೆ. ಬೈದಿದ್ರೆ ನಾನೂ ಬೈಯ್ಬಹುದಿತ್ತು" ಎಂದರು.

ಯಾರ ತಪ್ಪೂ ಇಲ್ಲದೆ ಮುಳುಗುವುದು ಎಂದರೇನು ಎಂದು ನನಗೆ ಆಗ ಗೊತ್ತಾಯಿತು. ದೇವರ ಮುಂದೆ ಕೂತರೆ ಕೇಳಲು ಪ್ರಶ್ನೆಯೂ ಹೊಳೆಯುತ್ತಿರಲಿಲ್ಲ. ದೀಪ ಹಚ್ಚಿ, ಎದ್ದು, ಅಕ್ಕಿ ತೊಳೆಯುತ್ತಿದ್ದೆ.

ಒಂದು ಮಾತ್ರ ಆಯಿತು. ಶರಲ್‌ಗೆ ಹೇಗೋ ವಿಸಿಟ್ ವೀಸಾ ಮಾಡಿಸಿ, ಪರೀಕ್ಷೆ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. ಶಾಲೆಯವರು ಒಪ್ಪಿದರು. ನಮ್ಮ ಯಜಮಾನರು ಕೇಳುವ ಮೊದಲೇ ತಮ್ಮ ಮೇಜನ್ನು ಖಾಲಿ ಮಾಡಿ ಹುಡುಗಿಯ ಪುಸ್ತಕಕ್ಕೆ ಜಾಗ ಮಾಡಿದರು. ಅಷ್ಟು ದಯೆ.

ಲಿಲ್ಲಿಯ ಸಾಮಾನು ಎರಡು ಪೆಟ್ಟಿಗೆಗೆ ಮುಗಿಯಿತು. ವಿಮಾನ ನಿಲ್ದಾಣದಲ್ಲಿ ಅವಳು ತುಂಬ ಸಾಮಾನ್ಯವಾಗಿದ್ದಳು. ಟೂರಿನ ಅಭ್ಯಾಸದಿಂದ ಸುತ್ತ ನಿಂತವರ ತಲೆ ಎಣಿಸುತ್ತಿದ್ದಳು. "ನಾವಿಬ್ಬರೇ ಇರುದು ಮಾರಾಯ್ತಿ," ಎಂದೆ. ನಕ್ಕಳು. ಮಗಳ ಕೂದಲು ಸರಿಮಾಡಿದಳು, ಅಕ್ಕನಿಗೆ ತೊಂದರೆ ಕೊಡಬೇಡ ಎಂದಳು, ಮೊಟ್ಟೆ ಕೇಳಬೇಡ ಎಂದಳು. ಒಳಗೆ ಹೋಗುವ ಗೆರೆಯ ಹತ್ತಿರ ತಿರುಗಿ, ಅಭ್ಯಾಸಬಲದಿಂದ ಬಾಯಿ ತೆರೆದಳು. "ಯೆ..." ಎಂದವಳು ಅಲ್ಲಿಗೇ ನುಂಗಿಕೊಂಡಳು. ಸುಳ್ಳು ಹೇಳಲು ಅವಳಿಗೆ ಆಗಲಿಲ್ಲ. "ಪರೀಕ್ಷೆ ಚೆಂದ ಬರಿ," ಎಂದಳು.

ಶರಲ್ ಫೋನು ಹಿಡಿದಿರಲಿಲ್ಲ. "ವಚೊನ್ ಯೇ, ಮಮ್ಮಾ," ಎಂದಳು.

ಹುಟ್ಟಿದಾಗಿನಿಂದ ಕೇಳಿ ಕೇಳಿ ಬೈಸಿಕೊಂಡರೂ ಹೇಳದ ಮಾತು. ಲಿಲ್ಲಿ ಪಾಸ್‌ಪೋರ್ಟನ್ನು ಎರಡು ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು ಒಳಗೆ ಹೋದಳು.

ಹುಡುಗಿ ಪರೀಕ್ಷೆ ಬರೆದಳು, ಪಾಸಾದಳು, ಊರಿಗೆ ಹೋದಳು. ಹೋದಲ್ಲಿ ಅವಳಿಗೆ ಊರು ಎಂಬುದಿಲ್ಲ, ಮಾವನ ಮನೆಯ ಒಂದು ಕೋಣೆ. ಫೋನಿನಲ್ಲಿ ಮೊದಮೊದಲು ಅಳುತ್ತಿದ್ದಳು. ಆಮೇಲೆ "ಐ ಆಮ್ ಫೈನ್ ಆಂಟಿ" ಎಂದು ಬೇಗ ಇಡತೊಡಗಿದಳು. ಲಿಲ್ಲಿ ಅಣ್ಣನ ಬೇಕರಿಯಲ್ಲಿ ಕೂತಳು. ಕೆಲವು ವರ್ಷದ ಮೇಲೆ ಇಲ್ಲಿಯ ನಿಯಮ ಸಡಿಲವಾಯಿತೆಂದು ಸುದ್ದಿ ಬಂತು: ಇಲ್ಲೇ ಇರುವವರಿಗೆ ಅಂಥದು ಕಂಡರೆ ಔಷಧಿ ಕೊಟ್ಟು ಇಟ್ಟುಕೊಳ್ಳುತ್ತಾರೆ. ಹೋದವರಿಗೆ ಅನ್ವಯವಿಲ್ಲ. ನಾನು ಹೇಳಲೋ ಬೇಡವೋ ಎಂದು ತಡವರಿಸುತ್ತಿದ್ದಾಗ ಅವಳೇ, "ಗೊತ್ತುಂಟು ಅಕ್ಕ. ಒಳ್ಳೇದಾಯ್ತು, ಇನ್ನು ಬರುವವರಿಗಾದ್ರೂ" ಎಂದಳು. ಅವಳ ದನಿಯಲ್ಲಿ ಒಳ್ಳೆಯದಾದ ಗುರುತು ಇರಲಿಲ್ಲ.

ಆಮೇಲೂ ನಾನು ಟೂರಿಗೆ ಹೋದೆ, ಮೊಣಕಾಲು ಕೇಳುವವರೆಗೆ. ರೂಮಿನಲ್ಲಿ ಬೇರೆ ಬೇರೆಯವರು ಜೊತೆಗೆ ಬರುತ್ತಿದ್ದರು. ಯಾರೂ ಕೃಷ್ಣನ ವೀಸಾ ಕೇಳಲಿಲ್ಲ. ವಾಸಣ್ಣ ಆಫೀಸು ಮುಚ್ಚಿ ಹೊರಟ ದಿನ ಖಾಲಿ ಗೋಡೆ ನೋಡುತ್ತ, "ನಮ್ಮ ರಾಜಧಾನಿಯೂ ಶಿಫ್ಟ್ ಆಯ್ತು ಶಾರದಕ್ಕ" ಎಂದರು. ನಾರಾದ ಕಥೆಯನ್ನು ನಾನೇ ಅವರಿಗೆ ಹೇಳಿದ್ದೆ.

ಕಳೆದ ತಿಂಗಳು ಲಿಲ್ಲಿ ಫೋನಿನಲ್ಲಿ, ವಿಲ್ಲಾದ ಆ ಹಳೆಯ ರೂಮಿನ ಬಾಗಿಲ ಮೇಲೆ ಅಂಟಿಸಿದ್ದ ಸಣ್ಣ ಮರದ ಶಿಲುಬೆಯನ್ನು ಬಿಟ್ಟು ಬಂದೆ, ಈಗ ಇರುವವರ ಹತ್ತಿರ ಕೇಳಿ ನೋಡಿ ಎಂದಳು. ಇಷ್ಟು ವರ್ಷ ಏಕೆ ಕೇಳಲಿಲ್ಲವೋ, ಈಗೇಕೆ ನೆನಪಾಯಿತೋ. ಹೋದೆ. ವಿಲ್ಲಾ ಇತ್ತು, ರೂಮುಗಳಿರಲಿಲ್ಲ. ಅಡ್ಡಗೋಡೆ ಹಾಕಿ ಬಾಡಿಗೆಗೆ ಕೊಡುವಂತಿಲ್ಲ ಎಂದು ಆದೇಶ ಬಂದು ಪ್ಲೈವುಡ್ಡನ್ನೆಲ್ಲ ಕಿತ್ತು ಒಯ್ದಿದ್ದರಂತೆ. ಒಳಗೆ ಒಂದೇ ದೊಡ್ಡ ಹಾಲು. ಪಠಾಣ ಕಾವಲುಗಾರ ಬಕೆಟ್ಟು, ಬ್ರಷ್ಷು ಹಿಡಿದು ಒಂದು ಮೂಲೆಯಿಂದ ನೆಲ ತಿಕ್ಕುತ್ತಿದ್ದ. ಶಿಲುಬೆ ಕೇಳಿದೆ. "ಮಾಫಿ," ಎಂದ. ಏನೂ ಇಲ್ಲ.

ನೆಲದ ಮೇಲೆ ಗೋಡೆಗಳಿದ್ದಲ್ಲೆಲ್ಲ ಬಿಳಿಚಿದ ಗೆರೆಗಳು ಉಳಿದಿದ್ದವು. ನೋಡುತ್ತ ಹೋದೆ. ಇದು ಕೇರಳದ ನರ್ಸಮ್ಮನವರ ರೂಮು. ಇದು ಓಣಿ. ಇದು ಲಿಲ್ಲಿಯದ್ದು. ಗೆರೆ ಒಂದು ಕಡೆ ನಿಂತು ಮತ್ತೆ ಶುರುವಾಗಿತ್ತು, ಅದು ಬಾಗಿಲು. ನಾನು ಸುತ್ತಿ ಹೋಗಿ ಅಲ್ಲಿಂದಲೇ ಒಳಗೆ ಬಂದೆ. ಮಂಚದ ಕಾಲಿನ ನಾಲ್ಕು ತುಕ್ಕಿನ ಕಲೆಗಳಿದ್ದವು. ಶರಲ್ ಓದುತ್ತಿದ್ದ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಪ್ರಾರ್ಥನೆ ಮಾಡೋಣವೆಂದರೆ ಯಾವುದೂ ಬರಲಿಲ್ಲ.

ಕಾವಲುಗಾರನ ನೀರು ಹರಿದು ಓಣಿಯವರೆಗೆ ಬಂದಿತ್ತು. "ಯಲ್ಲಾ, ಮಮ್ಮಿ," ಎಂದ, ಹೊರಡಿ ಎಂಬಂತೆ, ಒರಟಾಗಿ ಅಲ್ಲ. ಬಾಗಿಲಿದ್ದ ಜಾಗದಿಂದಲೇ ಹೊರಗೆ ಬಂದೆ. ಬಂದು, ತಿರುಗಿ, ಬಾಯಿಗೆ ಅಭ್ಯಾಸವಾದದ್ದನ್ನೇ ಹೇಳಿದೆ, "ಬರ್ತೇನೆ" ಎಂದು. ಅವನಿಗೆ ಕನ್ನಡ ಗೊತ್ತಿಲ್ಲ. ಬಕೆಟ್ಟು ಬಗ್ಗಿಸಿ ಆ ಗೆರೆಯ ಮೇಲೆ ನೀರು ಹೊಯ್ದು ತಿಕ್ಕತೊಡಗಿದ.